ಅಮ್ಮನ ನೆಗೆಟಿವ್ ಮೇಲಿನ ಗೀರು

ಪುಟ್ಟಿ, ಚಿನ್ನು, ಮೊನ್ನೆ ತಾತನ ಟ್ರಂಕಿನಲ್ಲಿರುವ ನೆಗೆಟಿವ್‌ಗಳನ್ನು ಕಂಪ್ಯೂಟರ್‌ಗೆ ಹಾಕಲೆಂದು ಸ್ಕ್ಯಾನರ್ ಕೊಳ್ಳಲು ಆರ್‌.ಟಿ. ನಗರದ ಅಂಗಡಿಗೆ ಹೋದಾಗ ನಾನು ಯಾಕೆ ಅಷ್ಟು ಬೆವರಿದೆ ಎಂದು ಇಬ್ಬರೂ ಕೇಳಿದಿರಿ. ಮೆಟ್ಟಿಲು ಹತ್ತಿದ್ದಕ್ಕೆ ಎಂದೆ. ಅದು ಸುಳ್ಳು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೆಬ್ಬಾಳದಲ್ಲಿ ದನದ ಡಾಕ್ಟರಿಕೆ ಓದುವವರ ಪಾಠಕ್ಕೆಂದು ಫೋಟೋ ತೆಗೆಯುತ್ತಿದ್ದರು. ಕಾಲುಬಾಯಿ ಜ್ವರ ಬಂದ ಹಸುವಿನ ಗೊರಸು, ನಾಲಿಗೆ, ಬಾತ ಕೆಚ್ಚಲು. ಟ್ರಂಕಿನ ತುಂಬ ಇರುವುದು ಇಂಥವೇ. ಆದರೆ ಅವುಗಳ ನಡುವೆ ಒಂದು ಕಪ್ಪುಬಿಳುಪು ನೆಗೆಟಿವ್ ಪಟ್ಟಿಯಲ್ಲಿ, ಮೂರು ಗೊರಸುಗಳಾದ ಮೇಲೆ, ನನ್ನ ಅಮ್ಮ ಇದ್ದಾಳೆಂಬುದು ತಾತ ಹೋದಮೇಲೆ ನನಗೊಬ್ಬಳಿಗೇ ಗೊತ್ತಿತ್ತು. ಅವಳ ಚಿತ್ರ ಎಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ.

ಅಮ್ಮನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. "ಅಳಿಯಂದ್ರೇ, ಅದ್ರಾಗೆ ನನ್ನ ಇಡಿಬ್ಯಾಡಿ, ಆಯಸ್ಸು ಕಮ್ಮಿ ಆಯ್ತದೆ" ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು. ಒಂದು ಸಲ ಅವಳು ರಾಗಿ ಕೇರುತ್ತಿದ್ದಾಗ ತಾತ ಕದ್ದು ತೆಗೆದರು. ನನಗೂ ಹೇಳಲಿಲ್ಲ.

ನಮಗೆ ಮದುವೆಯಾದ ಹೊಸದು. ಒಂದು ಬೆಳಿಗ್ಗೆ ಅವರು ನೆಗೆಟಿವ್‌ಗಳನ್ನು ಮೇಜಿನ ಮೇಲಿಟ್ಟು, "ಇದನ್ನ ತೊಳೆಸ್ಬೇಕು, ಸಾಯಂಕಾಲ ನೆನಪು ಮಾಡು" ಎಂದು ಹೇಳಿ ಹೋದರು. ಫೋಟೋ ತೊಳೆಸುವುದೆಂದರೆ ಅಂಗಡಿಗೆ ಕೊಟ್ಟು ಕಾಗದದ ಮೇಲೆ ಹಾಕಿಸುವುದು ಎಂದು ಹಳ್ಳಿ ಶಾಲೆಯಲ್ಲಿ ಕಲಿತವಳಿಗೆ ಏನು ಗೊತ್ತು? ಮನೆಯಲ್ಲಿ ನಾನಿರುವಾಗ ತೊಳೆಯಲು ಹೊರಗೆ ಯಾಕೆ ಕೊಡಬೇಕು ಎಂದುಕೊಂಡೆ. ಒಂದು ಪಟ್ಟಿ ಎತ್ತಿಕೊಂಡು ಸಾಬೂನು ಹಾಕಿ, ತೆಂಗಿನ ನಾರಿನಲ್ಲಿ ತಟ್ಟೆ ಉಜ್ಜುವ ಹಾಗೆ ಉಜ್ಜಿದೆ. ಬೆರಳಿಗೆ ಕಪ್ಪು ಹತ್ತತೊಡಗಿದಾಗ ಉಜ್ಜುವುದನ್ನು ಬಿಟ್ಟು ಪಟ್ಟಿಯನ್ನು ಇದ್ದಲ್ಲೇ ಇಟ್ಟೆ.

ಸಂಜೆ ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಡೆಯುತ್ತಾರೇನೋ ಎಂದು ನಾನು ಬಾಗಿಲ ಹಿಂದೆ ನಿಂತಿದ್ದೆ. "ಹಸುಗೆ ಒಳ್ಳೆ ಸ್ನಾನ ಮಾಡ್ಸಿದ್ದೀಯ ಕಣೇ" ಎಂದರು, ಅಷ್ಟೇ. ಅದರಲ್ಲಿ ಅಮ್ಮ ಇದ್ದಾಳೆಂದು ಅವರು ಹೇಳಿದ್ದು ಅವಳು ತೀರಿಕೊಂಡ ಮೇಲೆ. ಗೀರು ಅವಳ ಮುಖದ ಮೇಲೆ ಎಷ್ಟು ಬಿದ್ದಿದೆಯೋ ಎಂಬ ಹೆದರಿಕೆಗೆ ನಾನು ಅದನ್ನು ತೊಳೆಸಲು ಬಿಡಲೇ ಇಲ್ಲ.

ಅಂಗಡಿಯವರು ಮೊದಲು ತೋರಿಸಿದ ಮಷೀನು ಪಟ್ಟಿಯನ್ನು ತಾನೇ ಒಳಗೆಳೆದುಕೊಳ್ಳುವುದು. ಕಬ್ಬಿನ ಗಾಣದಂತೆ ಅದು ಕಿರ್ರೆಂದಾಗ ನಾನು ಪುಟ್ಟಿಯ ಕೈ ಹಿಡಿದುಕೊಂಡೆ. ಸುರುಳಿಯಾಗಿ ಬಿರುಸಾಗಿರುವ ಪಟ್ಟಿ ಅದರಲ್ಲಿ ಸಿಕ್ಕಿ ಹರಿದರೆ? ಎರಡನೆಯದು ಗಾಜಿನ ಮೇಲೆ ಮಲಗಿಸಿ ಮುಚ್ಚಳ ಮುಚ್ಚುವಂಥದ್ದು. "ಇದು ಗೀರು, ಧೂಳು ಎಲ್ಲಾ ತಾನೇ ತೆಗೆಯುತ್ತೆ ಕಣಮ್ಮ" ಎಂದರು. ನನ್ನ ಜೀವ ಹಗುರಾಯಿತು. "ಆದ್ರೆ ಕಲರ್‌ಗೆ ಮಾತ್ರ. ಬ್ಲ್ಯಾಕ್ ಅಂಡ್ ವೈಟ್ ಆದ್ರೆ ಅದು ಕೆಲ್ಸ ಮಾಡಲ್ಲ." ಆಗ ಬೆವರಿದ್ದು ಮಕ್ಕಳೇ.

"ಎಳ್ಕೊಳ್ಳೋದು ಬೇಗ ಆಗುತ್ತೆ ಅಜ್ಜಿ" ಎಂದಳು ಪುಟ್ಟಿ. ಎಂದೂ ಹಟ ಮಾಡದ ನಾನು, "ಮಲಗಿಸೋದೇ ತಗೋ" ಎಂದೆ.

ಸ್ಕ್ಯಾನರ್ ತಣಿಸಂದ್ರದ ನಮ್ಮ ಮನೆಗೆ ಬಂದ ಮರುದಿನ ಮಧ್ಯಾಹ್ನ ನಾನೇ ಪಟ್ಟಿ ತಂದುಕೊಟ್ಟೆ. ಈಗ ಕೊಡದಿದ್ದರೆ ನನ್ನ ನಂತರ ಅವಳು ಯಾರೆಂದು ಹೇಳುವವರೇ ಇರುವುದಿಲ್ಲ. ಚಿನ್ನು ನಕ್ಕ. "ಹಸು, ಹಸು, ಮತ್ತೆ ಹಸು! ತಾತ ಹಸುಗಳ ಮದ್ವೆ ಆಲ್ಬಂ ಮಾಡ್ತಿದ್ರಾ?" ನಾಲ್ಕನೆಯದು ಬಂತು. ಬಗ್ಗಿದ ತಲೆ, ಮೊರ, ಗಾಳಿಯಲ್ಲಿ ರಾಗಿ. ಹಣೆಯಿಂದ ಗಲ್ಲದವರೆಗೆ ಮೂರು ಗೀರು. ಒಂದು ತುಟಿಯ ಮೇಲೇ ಹಾದುಹೋಗಿದೆ.

"ಯಾರಜ್ಜಿ?"

"ನಮ್ಮಮ್ಮ."

"ಛೆ, ತಾತ ಸ್ವಲ್ಪ ನೋಡ್ಕೊಂಡು ಇಟ್ಟಿರ್ಬಾರ್ದಿತ್ತಾ? ಹೆಂಗ್ ಹಾಳ್ ಮಾಡಿದ್ದಾರೆ!" ಎಂದಳು ಪುಟ್ಟಿ. "ಕಂಪ್ಯೂಟರ್‌ನಲ್ಲಿ ಗೀರು ಅಳಿಸ್ಬಿಡ್ಲಾ?"

"ಅಳಿಸಿದ ಜಾಗದಲ್ಲಿ ಏನಿರುತ್ತೆ?"

"ಪಕ್ಕದಲ್ಲಿರೋದನ್ನ ನೋಡಿ ಅದೇ ತುಂಬುತ್ತೆ."

ಮಷೀನು ಊಹಿಸಿ ಕೊಟ್ಟ ತುಟಿ ನನ್ನ ಅಮ್ಮನದಲ್ಲ. ಬೇಡ ಎಂದೆ. ಅಜ್ಜಿಗೆ ಕಂಪ್ಯೂಟರ್ ಅಂದ್ರೆ ಭಯ ಎಂದು ನೀವಿಬ್ಬರೂ ನಕ್ಕಿರಿ.

ಅಂದಿನಿಂದ ನಿಮ್ಮ ತಾತನ ಪಟಕ್ಕೆ ಹೂ ಇಡುವಾಗ ಅವರ ಮುಖ ನೋಡದೆ ಇಟ್ಟು ಬರುತ್ತೇನೆ. ಒಂದು ಗದರು ಗದರದೆ ನನ್ನ ತಪ್ಪನ್ನು ಮುಚ್ಚಿಟ್ಟ ಮನುಷ್ಯ. ಈಗ ಅವರ ಮೇಲೆಯೇ ದೂರು ಬಂದರೂ ನಾನು ತುಟಿ ಬಿಚ್ಚಲಿಲ್ಲ. ಓದಿದ ಮೇಲೆ ನೀವು ನನ್ನನ್ನು ಹೇಗೆ ನೋಡುವಿರೋ ಎಂಬ ಅಂಜಿಕೆ ಈಗಲೂ ಇದೆ. ಆದರೂ ಈ ಹಾಳೆಗಳನ್ನು ಹರಿಯಬೇಡಿ, ನೆಗೆಟಿವ್ ಇರುವ ಲಕೋಟೆಯಲ್ಲೇ ಮಡಿಸಿಡಿ. ಮುಂದೆ ನಿಮ್ಮ ಮಕ್ಕಳು ಆ ಗೀರು ನೋಡಿ ಯಾರು ಮಾಡಿದ್ದು ಎಂದು ಕೇಳಿದರೆ, ಇದನ್ನು ಅವರ ಕೈಗೆ ಕೊಡಿ.