ಬ್ರಾಕೆಟ್ಟಿನೊಳಗಿನ ಬಿ.ಎ.

ತರಗುಪೇಟೆಯ ಸಗಟು ಬೇಳೆ ವ್ಯಾಪಾರಿ ದೊಡ್ಡಬೈರಪ್ಪನವರಿಗೆ ವರ್ಷಕ್ಕೆ ಕಡಿಮೆಯೆಂದರೂ ಮುನ್ನೂರು ಮದುವೆ ಕಾರ್ಡು ಬರುತ್ತಿದ್ದವು. ಮದುವೆಯೆಂದರೆ ಊಟ, ಊಟವೆಂದರೆ ಬೇಳೆ. ಬೇಳೆಯ ರೇಟು ಇಳಿಸಬೇಕಾದರೆ ಮೊದಲು ಕಾರ್ಡು ಕೊಡಬೇಕು ಎಂಬುದು ಊರಿಗೆಲ್ಲ ಗೊತ್ತಿದ್ದ ಉಪಾಯ. ದೊಡ್ಡಬೈರಪ್ಪನವರು ಕಾರ್ಡಿನ ಗಣಪತಿಯನ್ನು ನೋಡುತ್ತಿರಲಿಲ್ಲ, ಮುಹೂರ್ತವನ್ನೂ ನೋಡುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೇರವಾಗಿ ವಧೂವರರ ಹೆಸರಿನ ಕೆಳಗಿನ ಬ್ರಾಕೆಟ್ಟಿಗೆ ಇಳಿಯುತ್ತಿದ್ದರು. ಅಲ್ಲಿ ಬಿ.ಇ. ಎಂದಿದ್ದರೆ, “ಒಂದನೇ ನಂಬರ್ ತೊಗರಿ.” ಎಂ.ಬಿ.ಬಿ.ಎಸ್. ಎಂದಿದ್ದರೆ, “ಗೋಡಂಬಿ ಕಣಯ್ಯ, ಗೋಡಂಬಿ!” ಬಿ.ಕಾಂ. ಆದರೆ, “ಕಡಲೆಬೇಳೆ. ಮೋಸ ಇಲ್ಲ.” ಬಿ.ಎ. ಕಂಡರೆ ಮಾತ್ರ ತುಟಿ ಸೊಟ್ಟಗಾಗುತ್ತಿತ್ತು. “ನುಚ್ಚು.” ಬ್ರಾಕೆಟ್ಟೇ ಇಲ್ಲದ ಕಾರ್ಡುಗಳ ಬೆನ್ನಿನ ಮೇಲೆ ಮೂಟೆಗಳ ಸಂಖ್ಯೆ ಬರೆದುಕೊಳ್ಳುತ್ತಿದ್ದರು.

ಇಂಥ ಮಹಾಪುರುಷರ ಮಗಳು ಯಶಶ್ರೀ, 1998ರ ಒಂದು ಮಧ್ಯಾಹ್ನ, ಪಿಯುಸಿ ಫಲಿತಾಂಶ ಬಂದ ಮೂರನೆಯ ದಿನ, ಚಾಮರಾಜಪೇಟೆಯ ಮನೆಯಲ್ಲಿ ಅಪ್ಪನ ತಟ್ಟೆಯ ಎದುರಿಗೆ ನಿಂತು ಯುದ್ಧ ಘೋಷಿಸಿದಳು. ಅವಳಿಗೆ ಬಿ.ಎ. ಓದಬೇಕು, ಅದರಲ್ಲೂ ಕನ್ನಡವನ್ನೇ ಮುಖ್ಯವಾಗಿ ತೆಗೆದುಕೊಂಡು. ಹಳಗನ್ನಡದ ಒಂದು ಪದ್ಯವನ್ನು ಬಿಡಿಸುವಾಗ ಅವಳಿಗೆ ಹಲಸಿನಹಣ್ಣು ಬಿಡಿಸಿದ ಸಂತೋಷವಾಗುತ್ತಿತ್ತು. ಮೊದಲು ಕೈಗೆಲ್ಲ ಅಂಟು, ಆಮೇಲೆ ತೊಳೆ.

ದೊಡ್ಡಬೈರಪ್ಪನವರ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿಗಿಳಿಯದೆ ನಿಂತಿತು.

“ಏನು ಓದ್ತೀಯಾ?”

“ಕನ್ನಡ.”

“ಯಾಕೆ, ನಿಂಗೆ ಬರಲ್ವಾ?”

“ಬರತ್ತಪ್ಪ.”

“ಬರೋದನ್ನ ಕಲಿಯೋಕೆ ಫೀಜ್ ಯಾಕಮ್ಮ ಕಟ್ಬೇಕು? ಐವತ್ತೈದು ವರ್ಷದಿಂದ ಮಾತಾಡ್ತಿದೀನಿ, ನಂಗೆ ಒಂದು ರೂಪಾಯಿ ಖರ್ಚಾಗಿಲ್ಲ!”

“ಓದ್ಲಿ ಬಿಡ್ರೀ,” ಎಂದರು ತಾಯಿ ಲಕ್ಷ್ಮೀದೇವಮ್ಮ, ಸಾರಿನ ಸೌಟನ್ನು ಸಂಧಾನದ ಬಾವುಟದಂತೆ ಹಿಡಿದು.

“ಓದ್ಬೇಡ ಅಂದ್ನಾ? ಬಿ.ಇ. ಓದ್ಲಿ, ಡೊನೇಶನ್ ಕೊಡ್ತೀನಿ. ವೇಣುಗೆ ಒಂದೂವರೆ ಲಕ್ಷ ಕೊಟ್ಟಿಲ್ವಾ? ಬಿ.ಕಾಂ. ಓದ್ಲಿ, ಸ್ಕೂಟರ್ ಕೊಡಿಸ್ತೀನಿ. ಬಿ.ಎ. ಅಂದ್ರೆ ನನ್ನ ಕೈಯಿಂದ ನಯಾ ಪೈಸೆ ಬಿಚ್ಚಲ್ಲ. ನಾಳೆ ಇವಳ ಮದ್ವೆ ಕಾರ್ಡಲ್ಲಿ ಬಿ.ಎ. ಅಂತ ಹಾಕಿಸ್ಕೊಂಡು ತರಗುಪೇಟೇಲಿ ಯಾವ ಮುಖ ಇಟ್ಕೊಂಡು ಹಂಚಲಿ? ನಾನು ಮುನ್ನೂರು ಜನರ ಬ್ರಾಕೆಟ್ ನೋಡಿ ನಕ್ಕಿದೀನಿ ಕಣೇ. ಅವರು ಬಿಡ್ತಾರಾ?”

ಈ ಕೊನೆಯ ಮಾತಿನಲ್ಲಿ ನಿಜವಾದ ಭಯವಿತ್ತು. ಅಣ್ಣ ವೇಣುಗೋಪಾಲ ಆಗ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದ. ಪಾಸಾಗದೆ ಉಳಿದ ಸಬ್ಜೆಕ್ಟುಗಳು ಅವನ ಹಿಂದೆ ಗೂಡ್ಸ್ ಗಾಡಿಯ ಬೋಗಿಗಳಂತೆ ಬರುತ್ತಿದ್ದವು. ಅವನು ತಟ್ಟೆಯಿಂದ ತಲೆಯೆತ್ತದೆ ಉಪ್ಪಿನಕಾಯಿ ನೆಕ್ಕುತ್ತಿದ್ದ.

ರಾಜ್ಯವಿಲ್ಲದ, ಸೈನ್ಯವಿಲ್ಲದ, ಫೀಜಿಗೆ ಗತಿಯಿಲ್ಲದ ಯಶಶ್ರೀಗೆ ಶಸ್ತ್ರ ದೊರೆತದ್ದು ಆ ವಾರವೇ, ಸುಲ್ತಾನ್‌ಪೇಟೆಯಲ್ಲಿ. ಪಕ್ಕದ ಮನೆಯ ಜಾನಕಮ್ಮನವರ ಮಗಳ ಮದುವೆ ಕಾರ್ಡು ತರಲು ಜೊತೆಗೆ ಹೋಗಿದ್ದಳು. ಶಿವರುದ್ರಪ್ಪ ಎಂಬ ಬಡಪಾಯಿಯ ಕಾರ್ಡಿನ ಅಂಗಡಿಯಲ್ಲಿ ಆ ಹೊತ್ತಿಗೆ ಐವರು ಅಣ್ಣತಮ್ಮಂದಿರು ಪರಸ್ಪರ ಕಾಲರ್ ಹಿಡಿಯುವುದಕ್ಕೆ ಅರ್ಧ ಮೊಳ ಬಾಕಿ ಉಳಿಸಿಕೊಂಡು ನಿಂತಿದ್ದರು. ‘ಸುಖಾಗಮನವನ್ನು ಬಯಸುವವರು’ ಎಂಬ ಸಾಲಿನ ಕೆಳಗೆ ಯಾರ ಹೆಸರು ಮೊದಲು? ಹಿರಿಯನದೋ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟವನದೋ, ಸರ್ಕಾರಿ ಕೆಲಸದಲ್ಲಿದ್ದವನದೋ? ಸುಖಾಗಮನ ಬಯಸುವ ಮುಖ ಐವರಲ್ಲಿ ಒಬ್ಬರದೂ ಆಗಿರಲಿಲ್ಲ.

“ಸುತ್ತಲೂ ಹಾಕ್ಬಿಡಿ,” ಎಂದಳು ಯಶಶ್ರೀ.

“ಏನಮ್ಮಾ?”

“ಹೆಸರುಗಳನ್ನ ಒಂದರ ಕೆಳಗೊಂದು ಯಾಕೆ ಹಾಕ್ತೀರಿ? ನಡುವೆ ತುಳಸಿಕಟ್ಟೆ ಚಿತ್ರ ಇರ್ಲಿ. ಸುತ್ತಲೂ ಐದು ಹೆಸರು. ದುಂಡಗಿರೋದಕ್ಕೆ ಮೊದಲು ಯಾವ್ದು, ಕೊನೆ ಯಾವ್ದು?”

ಐವರೂ ಮನಸ್ಸಿನಲ್ಲೇ ತುಳಸಿಕಟ್ಟೆಗೆ ಒಂದು ಸುತ್ತು ಬಂದರು. ಪ್ರತಿಯೊಬ್ಬನಿಗೂ ಸುತ್ತು ತನ್ನಿಂದಲೇ ಆರಂಭವಾದಂತೆ ಕಂಡಿತು. ಆರ್ಡರ್ ಕೊಟ್ಟು, ಒಂದೇ ಆಟೋದಲ್ಲಿ ಹೊರಟುಹೋದರು. ಶಿವರುದ್ರಪ್ಪನವರು ಎದ್ದು ನಿಂತು ಕೈಮುಗಿದರು. “ಯಾರ ಮನೆ ಮಗಳಮ್ಮಾ ನೀನು? ನಾಳೆಯಿಂದ ಬಂದ್ಬಿಡು.”

ಕಾಲೇಜು ಮುಗಿಸಿ ಸಂಜೆ ಮೂರು ಗಂಟೆಗಳ ಕೆಲಸ. ಒಂದು ಕಾರ್ಡಿನ ಒಕ್ಕಣೆ ಬರೆದರೆ ಇಪ್ಪತ್ತೈದು ರೂಪಾಯಿ, ಅಣ್ಣತಮ್ಮಂದಿರ ಜಗಳ ಬಿಡಿಸಿದರೆ ಮೇಲೆ ಹದಿನೈದು. ಮುನಿಸಿಕೊಂಡ ಸೋದರಮಾವಂದಿರನ್ನು ಅವಳು ಕಾರ್ಡಿನ ಮೂಲೆಯಲ್ಲಿ ಚಿನ್ನದ ಚೌಕಟ್ಟು ಹಾಕಿ ಕೂರಿಸಿದಳು. ಎರಡನೆಯ ಸಂಬಂಧದ ಮಕ್ಕಳಿಗೆ ಸಮಾನ ಅಳತೆಯ ಅಕ್ಷರ ಕೊಡಿಸಿದಳು. ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಕರೆಯುವ ಮಕ್ಕಳ ಸಾಲಿನಲ್ಲಿ ಇನ್ನೂ ಹುಟ್ಟದ ಮಗುವಿಗೂ ಜಾಗ ಬಿಡಿಸಿದ ಖ್ಯಾತಿ ಅವಳದು. ಒಂದೇ ವರ್ಷದಲ್ಲಿ, ಜಗಳವಿರುವ ಮನೆತನಗಳೆಲ್ಲ ಶಿವರುದ್ರಪ್ಪನವರ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟವು.

ಅಂಗಡಿಗೆ ಒಂದು ಕಾನೂನು ತಂದವಳೂ ಅವಳೇ. ಒಮ್ಮೆ ವರನೊಬ್ಬನ ಬ್ರಾಕೆಟ್ಟಿನಲ್ಲಿ ಎಂ.ಬಿ.ಬಿ.ಎಸ್. ಎಂದು ಅಚ್ಚಾಯಿತು. ಧಾರೆಯ ಹೊತ್ತಿಗೆ ವಧುವಿನ ಅಜ್ಜಿ ತಲೆ ಸುತ್ತಿ ಬಿದ್ದರು. “ಡಾಕ್ಟ್ರು ಇಲ್ಲೇ ಇದಾರಲ್ಲ!” ಎಂದು ಎಲ್ಲರೂ ಮಂಟಪದತ್ತ ತಿರುಗಿದರೆ, ವರಮಹಾಶಯ ಅಜ್ಜಿಯ ಕೈ ಹಿಡಿದು ನಾಡಿ ಹುಡುಕುತ್ತಾ ಮೊಣಕೈವರೆಗೆ ಹೋದ. ಅವನು ಔಷಧಿ ಅಂಗಡಿಯವನು. ವಧುವಿನ ಕಡೆಯವರು ಅವನನ್ನು ಬಿಟ್ಟು ಶಿವರುದ್ರಪ್ಪನವರನ್ನು ಹುಡುಕಿಕೊಂಡು ಬಂದರು, ಕಾರ್ಡು ಅಚ್ಚು ಮಾಡಿದವರು ಅವರಲ್ಲವೇ! ಮರುದಿನ ಯಶಶ್ರೀಯ ದುಂಡು ಅಕ್ಷರದಲ್ಲಿ ಗೋಡೆಗೆ ಫಲಕ ಬಂತು: ‘ಮಾರ್ಕ್ಸ್ ಕಾರ್ಡ್ ತೋರಿಸದೆ ಬ್ರಾಕೆಟ್ಟಿನಲ್ಲಿ ಪದವಿ ಹಾಕಲಾಗುವುದಿಲ್ಲ. ದಯವಿಟ್ಟು ಬಲವಂತ ಮಾಡಬೇಡಿ.’

ಮಗಳು ಎಲ್ಲಿ ದುಡಿಯುತ್ತಾಳೆಂಬುದು ದೊಡ್ಡಬೈರಪ್ಪನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸುಲ್ತಾನ್‌ಪೇಟೆಯಲ್ಲಿ ಹಚ್ಚಿದ ಬೀಡಿ ಆರುವುದರೊಳಗೆ ಸುದ್ದಿ ತರಗುಪೇಟೆ ತಲುಪುತ್ತದೆ. ಆದರೆ ಗೊತ್ತಿದೆಯೆಂದು ಒಪ್ಪಿಕೊಂಡರೆ ಸೋತಂತೆ. ಹಾಗಾಗಿ ಎರಡು ವರ್ಷ ಅವರು ಸುಲ್ತಾನ್‌ಪೇಟೆಯನ್ನೇ ಭೂಪಟದಿಂದ ಅಳಿಸಿ, ಎಲ್ಲಿಗೆ ಹೋಗಬೇಕಾದರೂ ಅರ್ಧ ಮೈಲಿ ಸುತ್ತಿ ಹೋದರು. ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದು ಆಗಲೇ ಎಂದು ಲಕ್ಷ್ಮೀದೇವಮ್ಮ ಇವತ್ತಿಗೂ ಹೇಳುತ್ತಾರೆ.

ಎರಡು ವರ್ಷದ ಫೀಜನ್ನು ಯಶಶ್ರೀ ಹೀಗೆ ಗೆದ್ದಳು. ಮೂರನೆಯ ವರ್ಷದ ಬಾಗಿಲಲ್ಲಿ ಗ್ರಹಗಳು ಅಡ್ಡ ನಿಂತವು. 2000ದ ಬೇಸಿಗೆಯಲ್ಲಿ ಗುರುವೂ ಶುಕ್ರನೂ ಒಬ್ಬರ ಬೆನ್ನಿಗೊಬ್ಬರು ಅಸ್ತರಾದರು. ಪಂಚಾಂಗದವರು ಮುಹೂರ್ತವೇ ಇಲ್ಲವೆಂದು ಕೈಚೆಲ್ಲಿದರು. ಅದರ ಹಿಂದೆಯೇ ಆಷಾಢ. ಮದುವೆಯಿಲ್ಲ, ಕಾರ್ಡಿಲ್ಲ, ಅಣ್ಣತಮ್ಮಂದಿರು ಅನ್ಯಾಯವಾಗಿ ಅನ್ಯೋನ್ಯವಾಗಿದ್ದರು. ವಿಶ್ವವಿದ್ಯಾಲಯಕ್ಕೆ ಮಾತ್ರ ಗುರುವೂ ಗೊತ್ತಿಲ್ಲ, ಶುಕ್ರನೂ ಗೊತ್ತಿಲ್ಲ. ಫೀಜು ಕಟ್ಟಲು ಕೊನೆಯ ದಿನ ಜುಲೈ ಹದಿನಾಲ್ಕು. ಹತ್ತನೆಯ ತಾರೀಕು ಯಶಶ್ರೀಯ ಕೈಯಲ್ಲಿದ್ದದ್ದು ಬೇಕಾದುದರ ಕಾಲುಭಾಗ. ಕಟ್ಟದಿದ್ದರೆ ವರ್ಷ ಹೋಯಿತು. ಹೋದ ವರ್ಷ ತಿರುಗಿ ಬರುವಷ್ಟರಲ್ಲಿ ಅಪ್ಪ ಅವಳದೇ ಕಾರ್ಡು ಅಚ್ಚು ಹಾಕಿಸಿರುತ್ತಾರೆ, ಬ್ರಾಕೆಟ್ಟಿಲ್ಲದೆ.

ಆ ಸಂಜೆ ಖಾಲಿ ಅಂಗಡಿಯ ಮೆಟ್ಟಿಲನ್ನು ದೊಡ್ಡಬೈರಪ್ಪನವರು ಹತ್ತಿದರು.

ಪಾಪ, ಬೇಕೆಂದು ಬಂದವರಲ್ಲ. ಶ್ರಾವಣದಲ್ಲಿ ವೇಣುಗೋಪಾಲನ ಮದುವೆ, ಮಲ್ಲೇಶ್ವರದ ಚೈತನ್ಯಾ ಜೊತೆ. ಕಾರ್ಡಿಗೆ ತಾವೂ ಸೇರಿ ನಾಲ್ವರು ಅಣ್ಣತಮ್ಮಂದಿರ ಹೆಸರು ಹಾಕಿಸಲು ಬೀದಿಯ ಮೂರು ಅಂಗಡಿ ಹತ್ತಿಳಿದಿದ್ದರು. ಪ್ರತಿ ಅಂಗಡಿಯಲ್ಲೂ ಒಂದೇ ಮಾತು: “ನಾಲ್ಕು ಜನ ಅಣ್ಣತಮ್ಮಂದಿರಾ? ಅಯ್ಯೋ, ನಮ್ ಕೈಲಾಗಲ್ಲ ಯಜಮಾನ್ರೇ. ಶಿವರುದ್ರಪ್ಪನವರ ಅಂಗಡೀಲಿ ಒಂದು ಹುಡುಗಿ ಇದೆ, ಅಲ್ಲಿಗೆ ಹೋಗಿ.”

ಅವರನ್ನು ಕಂಡದ್ದೇ ಶಿವರುದ್ರಪ್ಪನವರು, “ಕಾಫಿ ತರ್ತೀನಿ,” ಎಂದು ಹಿಂಬಾಗಿಲಿಂದ ರಣರಂಗ ಬಿಟ್ಟರು.

ಯಶಶ್ರೀ ಎದ್ದು ಕುರ್ಚಿ ಒರೆಸಿದಳು. “ಬನ್ನಿ ಸಾರ್, ಕೂತ್ಕೊಳ್ಳಿ. ವಧುವಿನ ಕಡೆಯವರೋ, ವರನ ಕಡೆಯವರೋ?”

ದೊಡ್ಡಬೈರಪ್ಪನವರು ‘ಸಾರ್’ ಯಾರೆಂದು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, “ವರನ ಕಡೆ,” ಎಂದರು.

“ವರನ ಹೆಸರು?”

“ನಿಮಗೆ ಗೊತ್ತಿಲ್ವೇನ್ರೀ?”

“ಗಿರಾಕಿಗಳು ಹೇಳಿದ್ದನ್ನೇ ಬರ್ಕೋಬೇಕು ಸಾರ್. ಅಂಗಡಿ ಪದ್ಧತಿ.”

“ವೇಣುಗೋಪಾಲ್.”

“ತಂದೆ?”

“ದೊಡ್ಡಬೈರಪ್ಪ. ತರಗುಪೇಟೆ. ಹೆಸರು ಕೇಳಿರ್ಬೇಕಲ್ಲ.”

“ಕೇಳಿದೀನಿ ಸಾರ್. ಬೇಳೆ ಒಳ್ಳೇದು, ಹಠ ಸ್ವಲ್ಪ ಜಾಸ್ತಿ ಅಂತಾರೆ.”

ದೊಡ್ಡಬೈರಪ್ಪನವರ ಮೀಸೆ ಒಮ್ಮೆ ಅದುರಿತು. ಕೋಪಕ್ಕೋ ಮತ್ತೇತಕ್ಕೋ ಹೇಳುವುದು ಕಷ್ಟ. “ಅವನ ಹೆಸರಿನ ಕೆಳಗೆ ಬ್ರಾಕೆಟ್ ಹಾಕಿ. ಒಳಗೆ ಬಿ.ಇ. ಅಂತ, ದಪ್ಪ ಅಕ್ಷರದಲ್ಲಿ.”

“ಮಾರ್ಕ್ಸ್ ಕಾರ್ಡ್ ತಂದಿದೀರಾ ಸಾರ್?”

ಅವಳ ಬೆರಳು ಗೋಡೆಯ ಫಲಕವನ್ನು ತೋರಿಸಿತು. ದೊಡ್ಡಬೈರಪ್ಪನವರು ಅದನ್ನು ಎರಡು ಸಲ ಓದಿದರು.

“ಎರಡೇ ಎರಡು ಸಬ್ಜೆಕ್ಟ್ ಕಣ್ರೀ ಉಳಿದಿರೋದು! ಮದ್ವೆ ಹುಡುಗಿಗೂ ಗೊತ್ತು. ಅವಳೇ ನೋಟ್ಸ್ ಬರ್ಕೊಟ್ಟು ಕೂರಿಸಿ ಓದಿಸ್ತಿದಾಳೆ.”

“ಎರಡು ವಿಷಲ್ ಬಾಕಿ ಇದ್ದಾಗ ಬೇಳೆ ಇಳಿಸ್ತಾರಾ ಸಾರ್?”

“ರೇಟ್ ಎಷ್ಟಾದ್ರೂ ಕೊಡ್ತೀನಿ.”

“ಬೋರ್ಡ್ ನೋಡಿ ಸಾರ್. ಬಲವಂತ ಮಾಡ್ಬೇಡಿ.”

ಒಂದೂವರೆ ಲಕ್ಷ ಕೊಟ್ಟ ಬ್ರಾಕೆಟ್ಟು ಇಪ್ಪತ್ತೈದು ರೂಪಾಯಿಯ ಮೇಜಿನ ಮೇಲೆ ಪ್ರಾಣ ಬಿಟ್ಟಿತು. ದೊಡ್ಡಬೈರಪ್ಪನವರ ಭುಜ ಇಳಿಯಿತು. ತರಗುಪೇಟೆಯ ಮುನ್ನೂರು ಕನ್ನಡಕಗಳು ಮುನ್ನೂರು ಮೂಗಿನ ತುದಿಗೆ ಜಾರುವುದು ಅವರ ಕಣ್ಣಿಗೆ ಕಟ್ಟಿತು.

ಯಶಶ್ರೀಗೆ ಗೆದ್ದ ಸಂತೋಷ ಬರಬೇಕಿತ್ತು. ಬರಲಿಲ್ಲ. ಹಾಳೆ ಎಳೆದುಕೊಂಡು ಸರಸರನೆ ಬರೆದಳು. ‘ಚಿ. ವೇಣುಗೋಪಾಲ್’, ಅದರ ಕೆಳಗೆ ಬ್ರಾಕೆಟ್ಟಿಲ್ಲದೆ, ‘ಮೆಸರ್ಸ್ ದೊಡ್ಡಬೈರಪ್ಪ ಅಂಡ್ ಸನ್, ಸಗಟು ಬೇಳೆ ವ್ಯಾಪಾರಿಗಳು, ತರಗುಪೇಟೆ’. ನಾಲ್ವರು ಅಣ್ಣತಮ್ಮಂದಿರನ್ನು ಸುತ್ತಲೂ ಕೂರಿಸಿ, ನಡುವೆ ತುಳಸಿಕಟ್ಟೆಯ ಬದಲು ಎಂಬತ್ತೆರಡು ವರ್ಷದ ಅಜ್ಜಿ ಹನುಮಕ್ಕನ ಹೆಸರಿಟ್ಟಳು. ತಾಯಿಗೆ ಯಾವ ಮಗ ತಕರಾರು ತೆಗೆಯುತ್ತಾನೆ?

ದೊಡ್ಡಬೈರಪ್ಪನವರು ಮೊದಲ ಸಾಲನ್ನು ಮನಸ್ಸಿನಲ್ಲಿ ಓದಿದರು, ಆಮೇಲೆ ಸಣ್ಣಗೆ, ಆಮೇಲೆ ಬೀದಿಗೆ ಕೇಳುವಂತೆ. “ಅಂಡ್ ಸನ್!” ಎಂದರು. “ಇದು ಬಿ.ಇ.ಗಿಂತ ಉದ್ದ ಇದೆ.”

ಮಗಳ ಹಾಳೆಯನ್ನು ತಾವು ತಂದಿದ್ದ ಬೀಗರ ಪಟ್ಟಿಯ ಪಕ್ಕದಲ್ಲಿಟ್ಟು ಕೆಳಗಿನ ಸಾಲುಗಳಿಗೆ ಇಳಿದರು. ಬೀಗರ ಕಡೆಯ ಪಟ್ಟಿಯಲ್ಲಿ ಬಿ.ಇ., ಎಂ.ಟೆಕ್., ಎಂ.ಬಿ.ಬಿ.ಎಸ್.ಗಳು ಚತುರಂಗ ಸೈನ್ಯದಂತೆ ನಿಂತಿದ್ದವು. ತಮ್ಮ ಕಡೆ ಒಂದು ಬ್ರಾಕೆಟ್ಟೂ ಇಲ್ಲ. ಕಟ್ಟಕಡೆಯಲ್ಲಿ ಒಂಟಿಯಾಗಿ ‘ಕು. ಯಶಶ್ರೀ’. ಜೇಬಿನಿಂದ ಪೆನ್ನು ತೆಗೆದು ಆ ಹೆಸರಿನ ಕೆಳಗೆ ಒಂದು ಬ್ರಾಕೆಟ್ಟು ಎಳೆದರು, ಮೂಟೆಯ ಬಾಯಿಯಷ್ಟು ದೊಡ್ಡದು. ಅದರೊಳಗೆ ಬರೆದರು: ಬಿ.ಎ.

ಯಶಶ್ರೀಗೆ ಅಕ್ಷರಗಳು ಸ್ವಲ್ಪ ಮಸುಕಾಗಿ ಕಂಡವು. ಆದರೆ ಕಾನೂನು ಕಾನೂನೇ. ಕೆಂಪು ಪೆನ್ಸಿಲ್ ತೆಗೆದುಕೊಂಡು ಅದನ್ನು ಹೊಡೆದುಹಾಕಿದಳು.

“ಯಾಕೇ?” ಎಂದರು ದೊಡ್ಡಬೈರಪ್ಪನವರು. ನೀವು, ರೀ ಎಲ್ಲ ಹಾರಿಹೋಗಿದ್ದವು.

“ಮಾರ್ಕ್ಸ್ ಕಾರ್ಡ್ ಇಲ್ಲಪ್ಪ. ಮೂರನೇ ವರ್ಷ ಬಾಕಿ ಇದೆ.”

“ಓದೋಕೇನು ರೋಗ?”

“ಫೀಜು. ಹದಿನಾಲ್ಕನೇ ತಾರೀಕು ಕೊನೆ ದಿನ. ಈ ಸಲ ಗುರು, ಶುಕ್ರ ಇಬ್ರೂ ಕೈ ಕೊಟ್ಬಿಟ್ರು.”

“ಅಷ್ಟು ದೂರದಲ್ಲಿರೋರನ್ನ ನಂಬ್ಕೊಂಡು ಯಾರಾದ್ರೂ ಕಾಲೇಜಿಗೆ ಸೇರ್ತಾರಾ? ಇಲ್ಲೇ ತರಗುಪೇಟೇಲಿ ಒಬ್ಬ ಮನುಷ್ಯ ಇದ್ನಲ್ಲ!”

“ಆ ಮನುಷ್ಯ ಎರಡು ವರ್ಷದಿಂದ ಈ ಬೀದಿ ಕಡೆ ಬಂದಿರ್ಲಿಲ್ಲ.”

ದೊಡ್ಡಬೈರಪ್ಪನವರು ಫಲಕವನ್ನು ಮೂರನೆಯ ಸಲ ಓದಲು ಮುಖ ತಿರುಗಿಸಿದರು. ಕಾಫಿ ತರಲು ಹೋದ ಶಿವರುದ್ರಪ್ಪನವರು ಬಾಗಿಲ ಸಂದಿನಿಂದ ಇಣುಕಿ, ಇನ್ನೂ ಹೊತ್ತಿದೆಯೆಂದು ಮತ್ತೆ ಹೋದರು.

ಮರುದಿನ ಬೆಳಿಗ್ಗೆ ಕಾಲೇಜಿನ ಫೀಜು ಕಟ್ಟುವ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಪಂಚೆ ನಿಂತಿತ್ತು, ಪಕ್ಕದಲ್ಲಿ ಯಶಶ್ರೀ. ದೊಡ್ಡಬೈರಪ್ಪನವರು ಕಿಂಡಿಯೊಳಗೆ ತಲೆ ತೂರಿಸಿ ವ್ಯಾಪಾರಕ್ಕಿಳಿದರು. “ಮೂರು ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಎಷ್ಟು ಬಿಡ್ತೀರಿ?”

“ಎರಡು ವರ್ಷದ್ದು ಆಗ್ಲೇ ಕಟ್ಟಾಗಿದೆ ಸಾರ್,” ಎಂದ ಗುಮಾಸ್ತ.

“ಯಾರು ಕಟ್ಟಿದ್ದು?” ಎಂದರು, ಏನೂ ಗೊತ್ತಿಲ್ಲದವರಂತೆ.

“ಇವ್ರೇ. ಕೊನೇ ದಿನ ಹತ್ತಿರ ಬರೋವರೆಗೂ ಕಾದಿದ್ದು ಈ ಸಲ ಮಾತ್ರ.”

ದೊಡ್ಡಬೈರಪ್ಪನವರು ಮಗಳ ಕಡೆ ನೋಡಲಿಲ್ಲ. ನೋಟುಗಳನ್ನು ಕಿಂಡಿಯೊಳಗೆ ತಳ್ಳಿ, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಹಾಕಿಕೊಂಡರು. ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದರು. ಅವರು ಜಾಗ ಬಿಡಲಿಲ್ಲ. ಮತ್ತೆ ಕಿಂಡಿಗೆ ಬಾಗಿದರು.

“ಈ ಬಿ.ಎ. ಆದ್ಮೇಲೆ ಮುಂದೆ ಏನಿದೆ?”

“ಎಂ.ಎ. ಇದೆ ಸಾರ್.”

“ಅದಾದ್ಮೇಲೆ?”

“ಪಿಎಚ್.ಡಿ. ಸಾರ್. ಡಾಕ್ಟರ್ ಅಂತಾರೆ.”

ದೊಡ್ಡಬೈರಪ್ಪನವರು ನಿಧಾನವಾಗಿ ತಲೆಯನ್ನು ಕಿಂಡಿಯಿಂದ ಹೊರತೆಗೆದು, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ನುಚ್ಚಲ್ಲ ಕಣೇ,” ಎಂದರು. “ಅವರೆಕಾಯಿ. ಸಿಪ್ಪೆ ಬಿಡಿಸ್ದೇ ರೇಟ್ ಹೇಳ್ಬಿಟ್ಟಿದ್ದೆ.”