ಬಿಸಿನೀರಕ್ಕನ ಬ್ರೇಕು

ಇನ್ನೂ ಬೆಳಕು ಹರಿದಿಲ್ಲ. ಬೀದಿದೀಪದ ಕೆಳಗೆ ನಿಲ್ಲಿಸಿದ ಹಳೆಯ ಬಿಳಿ ಕಾರಿಗೆ ಒಬ್ಬ ಹೆಂಗಸು ಸುತ್ತು ಹಾಕುತ್ತಿದ್ದಾರೆ. ಬಗ್ಗಿ ಒಂದೊಂದೇ ಚಕ್ರ ಒತ್ತಿ ನೋಡುತ್ತಾರೆ. ಅಡಿಯಲ್ಲಿ ಬೆಕ್ಕೋ ನಾಯಿಯೋ ಮಲಗಿದೆಯೇ ಎಂದು ಟಾರ್ಚು ಬಿಡುತ್ತಾರೆ. ಹಿಂದಿನ ಸೀಟಿನಲ್ಲಿರುವ ಬಕೆಟ್ಟು, ಸುತ್ತಿಟ್ಟ ರಬ್ಬರ್ ಹಾಳೆ, ಒಗೆದು ಮಡಚಿದ ಟವೆಲುಗಳ ಗಂಟು ಎಲ್ಲವನ್ನೂ ಅಲುಗಾಡದಂತೆ ಒತ್ತರಿಸುತ್ತಾರೆ. ಇಷ್ಟಾದ ಮೇಲೂ ಬಾಗಿಲಿಗೆ ಕೈ ಹೋಗುವುದಿಲ್ಲ. ಇನ್ನೊಂದು ಸುತ್ತು ಶುರುವಾಗುತ್ತದೆ.

“ಇನ್ನೆಷ್ಟು ಸುತ್ತು ಹಾಕ್ತೀಯೇ? ಕಾರೇನು ಓಡಿ ಹೋಗಲ್ಲ, ಬಾ,” ಎಂದು ಪಕ್ಕದ ಸೀಟಿನಿಂದ ಯಜಮಾನರ ದನಿ ಬರುತ್ತದೆ.

“ಓಡಿ ಹೋಗಿದ್ರೇ ಚೆನ್ನಾಗಿತ್ತು ಕಣ್ರೀ.”

ಅಂತೂ ಒಳಗೆ ಕೂರುತ್ತಾರೆ. ಕನ್ನಡಿ ಸರಿಮಾಡಿಕೊಂಡು ಕೀಲಿ ತಿರುಗಿಸುತ್ತಾರೆ. ಎದುರಿನ ಗಾಜಿನ ಕೆಳಗೆ ಸಾಬೂನು ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆಯೊಂದು ಅಂಟಿಕೊಂಡಿದೆ. ಅದಕ್ಕೊಂದು ದೀಪ, ದೀಪದ ಮೇಲೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿ. ಪೆಟ್ಟಿಗೆಗೆ ಎಲ್ಲಿ ಗಾಯವಾಯಿತು ಎಂದು ನಗಬೇಡಿ. ಗಾಯವಾಗುವುದರಲ್ಲಿದ್ದದ್ದು ಬೇರೆಯವರಿಗೆ, ಆ ಕಥೆ ಮುಂದಿದೆ. ಈ ಪೆಟ್ಟಿಗೆ ಕೊಟ್ಟ ವಿಮೆ ಕಂಪನಿಯಿಂದ ಇವತ್ತು ಉತ್ತರ ಬರಬೇಕು. ಕಾರಿನ ವಿಮೆ ಉಳಿಯುತ್ತದೋ ರದ್ದಾಗುತ್ತದೋ ಇವತ್ತೇ ತೀರ್ಮಾನ. ರದ್ದಾದರೆ ನಾಳೆಯಿಂದ ಈ ಕಾರು ಬೀದಿಗಿಳಿಯುವಂತಿಲ್ಲ, ಊರಿನ ಮೂಲೆಮೂಲೆಯಲ್ಲಿ ಹಾಸಿಗೆ ಹಿಡಿದು ಕಾಯುತ್ತಿರುವವರ ಮೈಗೆ ನೀರೂ ಬೀಳುವುದಿಲ್ಲ.

ಈಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದು ಅನುಮಾನ. ಎಲ್ಲರಿಗೂ ಅವರು ಬಿಸಿನೀರಕ್ಕ. ಎದ್ದು ಓಡಾಡಲಾಗದ ವಯಸ್ಸಾದವರನ್ನು ಅವರವರ ಮನೆಗೇ ಹೋಗಿ ಮೀಯಿಸಿ, ಒರೆಸಿ, ಬಟ್ಟೆ ಬದಲಿಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸಿ ಬರುವುದು ಅವರ ಕೆಲಸ. ಯಾವ ಮನೆಯ ಬಾಗಿಲು ದಾಟಿದರೂ ಮೊದಲು ಕೇಳುವುದು “ಬಿಸಿನೀರು ಕಾದಿದ್ಯಾ?” ಎಂದೇ. ಹೆಸರು ಹುಟ್ಟಿದ್ದು ಹಾಗೆ. ಬೆಳಗ್ಗೆ ಐದಾರು ಮನೆ, ಮಧ್ಯಾಹ್ನ ಬಟ್ಟೆ ಒಗೆಯುವುದು, ಸಂಜೆ ಒಂದೆರಡು ಮನೆ. ಭಾನುವಾರ ರಜೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ, “ಭಾನುವಾರ ಅವರಿಗೆ ಬೆವರೋದಿಲ್ವಾ?” ಎಂದು ತಿರುಗಿ ಕೇಳುತ್ತಾರೆ.

ಇದೇಕೆ ಇಷ್ಟು ಬೇಗ ಹೊರಡಬೇಕು ಎಂದರೆ, ಹಾಸಿಗೆ ಹಿಡಿದವರನ್ನು ಎತ್ತಲು ಒಬ್ಬರ ಕೈ ಸಾಲದು. ಮಗನೋ ಸೊಸೆಯೋ ಕೆಲಸಕ್ಕೆ ಹೊರಡುವ ಮುಂಚೆ ಒಂದು ಕೈ ಸಿಗಬೇಕು. ಆ ಹೊತ್ತಿಗೆ ಬಸ್ಸುಗಳು ಡಿಪೋದಲ್ಲಿ ನಿದ್ದೆ ಹೊಡೆಯುತ್ತಿರುತ್ತವೆ. ಬಾಡಿಗೆ ಕಾರು ಹಿಡಿದರೆ ಗಳಿಸಿದ್ದೆಲ್ಲ ಅದರ ಹೊಟ್ಟೆಗೇ. ಇಷ್ಟು ವರ್ಷ ಅಕ್ಕನಿಗೆ ಆ ಚಿಂತೆ ಇರಲಿಲ್ಲ. ಯಜಮಾನರು ಔಷಧಿ ಅಂಗಡಿಗಳಿಗೆ ಮಾಲು ಹಾಕುವ ವ್ಯಾನಿನ ಡ್ರೈವರು. ತಮ್ಮ ಕೆಲಸಕ್ಕೆ ಹೋಗುವ ಮುನ್ನ ಹೆಂಡತಿಯನ್ನು ಮನೆಮನೆಗೆ ಬಿಡುತ್ತಿದ್ದರು. ಒಂದು ಸಂಜೆ ಸ್ವಂತ ಮನೆಯ ಗೇಟಿನ ಕಂಬಕ್ಕೇ ಕಾರು ಉಜ್ಜಿಕೊಂಡು ಬಂದವರು ಕೀಲಿಯನ್ನು ಮೊಳೆಗೆ ನೇತುಹಾಕಿದರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಯಜಮಾನರು ಮತ್ತೆ ಆ ಕೀಲಿ ಮುಟ್ಟಲಿಲ್ಲ.

ಮುಟ್ಟಿದ್ದು ಅಕ್ಕ. ಅರವತ್ತು ದಾಟಿದ ಮೇಲೆ! ಡ್ರೈವಿಂಗ್ ಶಾಲೆಯಲ್ಲಿ ಮೊಮ್ಮಕ್ಕಳ ವಯಸ್ಸಿನವರು ಮುಸಿಮುಸಿ ನಕ್ಕರು. ಮೊದಲ ಪರೀಕ್ಷೆಯಲ್ಲಿ ಕಾರು ಹಿಂದೆ ತೆಗೆಯುವಾಗ ಕಣ್ಣು ಮುಚ್ಚಿಕೊಂಡರು ಎಂದು ಫೇಲು ಮಾಡಿದರು. ಕೊನೆಗೆ ಪಾಠ ಹೇಳಿದ್ದು ಯಜಮಾನರೇ. ಖಾಲಿ ಸಂತೆ ಮೈದಾನದಲ್ಲಿ, ಪಕ್ಕದಲ್ಲಿ ಕೂತು, ಬರೀ ಕಿವಿಯಿಂದ. ಇಂಜಿನ್ನು ಮುಲುಕಿದರೆ “ಗೇರ್ ಇಳಿಸು”, ಎಲ್ಲೋ ಹಾರ್ನ್ ಆದರೆ “ಎಡಕ್ಕಿರು”, ಏನಾದರೂ ಅಡ್ಡ ಬಂದ ಸದ್ದಾದರೆ “ಹಿಡಿ!” ಹಿಡಿ ಎಂದರೆ ಬ್ರೇಕು ಹಿಡಿ.

“ನನ್ನ ಕಾಲಿಗೂ ಅವರ ಬಾಯಿಗೂ ಯಾರೋ ದಾರ ಕಟ್ಟಿದ ಹಾಗೆ ಆಗಿಬಿಟ್ಟಿತ್ತು,” ಎನ್ನುತ್ತಾರೆ ಅಕ್ಕ. “ಅವರು ಹಿಡಿ ಅಂದ್ರೆ ಸಾಕು, ಯಾಕೆ ಏನು ಅಂತ ನೋಡ್ತಾನೇ ಇರಲಿಲ್ಲ. ಒತ್ತಿಬಿಡ್ತಿದ್ದೆ.”

ಲೈಸೆನ್ಸು ಕೈಗೆ ಬಂತು. ಇನ್ನೇನು, ಗೆದ್ದೆವು ಎಂದುಕೊಂಡರು ಗಂಡ ಹೆಂಡತಿ. ನಿಜವಾದ ಪೀಕಲಾಟ ಶುರುವಾದದ್ದೇ ಆಮೇಲೆ. ವಿಮೆ ಇಲ್ಲದೆ ಕಾರು ಹೊರಗೆ ತೆಗೆಯುವಂತಿಲ್ಲ. ವಿಮೆ ಕೇಳಲು ಹೋದರೆ ಒಂದು ಕಂಪನಿಯವರು ವಯಸ್ಸು ನೋಡಿ ಕೈಯೆತ್ತಿದರು. ಇನ್ನೊಬ್ಬರು ಲೈಸೆನ್ಸಿನ ತಾರೀಖು ನೋಡಿ ಹೌಹಾರಿದರು. ವಯಸ್ಸಾಗಿದ್ದು ಅನುಭವ ಇದ್ದರೆ ಪರವಾಗಿಲ್ಲವಂತೆ, ಅನುಭವವಿಲ್ಲದಿದ್ದರೂ ಚಿಕ್ಕ ವಯಸ್ಸಾದರೆ ಹೇಗೋ ನಡೆಯುತ್ತದಂತೆ. ಎರಡೂ ಕಡೆಯ ಕೆಟ್ಟದ್ದನ್ನೇ ಹೊತ್ತು ಬಂದವರಿಗೆ ಅವರು ಹೇಳಿದ ಕಂತು ಕೇಳಿ ಅಕ್ಕನಿಗೆ ತಲೆ ಗಿರ್ ಎಂದಿತು. ಕಾರು ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಯಜಮಾನರು ಒಂದೇ ಒಂದು ಅಪಘಾತವಿಲ್ಲದೆ ಜೀವನವಿಡೀ ಗಾಡಿ ಓಡಿಸಿದವರು. ಆ ಒಳ್ಳೆಯ ಹೆಸರಾದರೂ ಹೆಂಡತಿಗೆ ಬರಬಹುದೇ ಎಂದು ಕೇಳಿದರು. ಬರುವುದಿಲ್ಲವಂತೆ.

ಪಕ್ಕದ ಮನೆಯವರು ಒಂದು ಉಪಾಯ ಹೇಳಿಕೊಟ್ಟರು. ಓಡಿಸುವವರು ಯಜಮಾನರೇ ಅಂತ ಬರೆಸಿ, ಯಾರು ಬಂದು ನೋಡ್ತಾರೆ? ಅಕ್ಕನಿಗೆ ನಗು, ಹೆದರಿಕೆ ಎರಡೂ ಒಟ್ಟಿಗೆ ಬಂದವು. “ಕಣ್ಣು ಕಾಣದವರು ಕಾರು ಓಡಿಸ್ತಾರೆ ಅಂತ ನಾನು ಸಹಿ ಹಾಕ್ಲಾ? ನಾಳೆ ಏನಾದ್ರೂ ಆದ್ರೆ ಇಬ್ರೂ ಒಳಗೆ ಕೂರಬೇಕಾಗತ್ತೆ.”

ಕೊನೆಗೆ ಕೈಹಿಡಿದದ್ದು ಅಂಗಡಿ ಸಾಲಿನ ಮಹಡಿಯ ಮೇಲೆ ಒಂದೇ ಕೋಣೆಯ ಕಚೇರಿ ಇಟ್ಟುಕೊಂಡಿರುವ ಏಜೆಂಟು. ಆತನ ತಾಯಿಯನ್ನು ಕೊನೆಯವರೆಗೂ ಮೀಯಿಸಿದವರು ಅಕ್ಕ. ಆತ ಹತ್ತಾರು ಕಡೆ ಫೋನು ತಿರುಗಿಸಿ, ಕೈಗೆಟಕುವ ಕಂತಿನದೊಂದು ಪಾಲಿಸಿ ಹುಡುಕಿದ. ಷರತ್ತು ಒಂದೇ, ಕಾರಿಗೆ ಈ ಕರಿ ಪೆಟ್ಟಿಗೆ ಅಂಟಿಸಬೇಕು. ಎಷ್ಟು ಜೋರು ಹೋದಿರಿ, ಹೇಗೆ ತಿರುಗಿಸಿದಿರಿ, ಎಷ್ಟು ಸಲ ಗಕ್ಕನೆ ಬ್ರೇಕು ಒತ್ತಿದಿರಿ ಎಲ್ಲವನ್ನೂ ಅದು ಕಂಪನಿಗೆ ಹೇಳುತ್ತದೆ, ಕಂಪನಿ ಅದಕ್ಕೆ ಅಂಕ ಹಾಕುತ್ತದೆ. ದೀಪ ಹಸಿರಿದ್ದರೆ ಸರಿ. ಹಳದಿಯಾದರೆ ಎಚ್ಚರಿಕೆ. ಕೆಂಪಾಗಿ ಉಳಿದರೆ ಪಾಲಿಸಿ ರದ್ದು.

“ಒಂದ್ಸಲ ರದ್ದಾಯ್ತು ಅಂದ್ರೆ ಬೇರೆ ಯಾವ ಕಂಪನಿಯೂ ನಿಮ್ಮನ್ನ ಹತ್ರ ಸೇರಿಸಲ್ಲ ಅಕ್ಕ. ಜೋಪಾನ,” ಎಂದಿದ್ದ ಏಜೆಂಟು.

ಆ ಮಾತು ಅಕ್ಕನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಸ್ವಭಾವದಿಂದ ಅವರು ಜೋರು ಹೋಗುವವರಲ್ಲ. ಸೊಂಟ ಮುರಿದವರನ್ನು ಹೊರಳಿಸುವ ಹಾಗೆಯೇ ಕಾರನ್ನೂ ತಿರುಗಿಸುತ್ತಾರೆ. ಹಿಂದೆ ಬರುವವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ಆದರೆ ಪಕ್ಕದಲ್ಲಿ ಯಜಮಾನರು ಇದ್ದಾರಲ್ಲ! ಕಣ್ಣು ಕಾಣದ ಭಯಕ್ಕೆ ಕಿವಿ ಇಮ್ಮಡಿ ಚುರುಕಾಗಿತ್ತು. ಎಲ್ಲೋ ಗೇಟು ಬಡಿದರೆ “ಹಿಡಿ!” ಹಕ್ಕಿ ರೆಕ್ಕೆ ಬಡಿದರೆ “ಹಿಡಿ!” ದಾರ ಕಟ್ಟಿದ ಕಾಲು ಪ್ರತಿ ಸಲವೂ ಗಕ್ಕನೆ ಒತ್ತುತ್ತಿತ್ತು. ದೀಪ ಹಳದಿಗೆ ತಿರುಗಿತು.

ಅವತ್ತು ಮನೆಯಲ್ಲಿ ರಂಪವೇ ಆಯಿತು. ಮನೆಯಲ್ಲೇ ಇರಿ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ; ಒಬ್ಬರೇ ಕಾರಿನಲ್ಲಿ ಹೋಗುವ ಧೈರ್ಯವೂ ಇರಲಿಲ್ಲ. ಕೊನೆಗೆ ಯಜಮಾನರೇ ದಾರಿ ಕಂಡುಕೊಂಡರು. ಕಾರು ಹತ್ತಿದ ಕೂಡಲೇ ಬಾಯಿಗೊಂದು ದಪ್ಪ ಪೆಪ್ಪರಮಿಂಟು ಹಾಕಿಕೊಂಡು ತುಟಿ ಬಿಗಿಯುವುದು. “ಇನ್ನು ಬಾಯಿ ಬಿಟ್ರೆ ಕೇಳು,” ಎಂದರು. ಬಿಡಲೂ ಇಲ್ಲ. ದೀಪ ಮೆಲ್ಲಗೆ ಹಸಿರಿಗೆ ಬಂತು. ಅಕ್ಕ ಮಾತ್ರ ಈಗ ರಸ್ತೆಗಿಂತ ಹೆಚ್ಚು ಆ ದೀಪವನ್ನೇ ನೋಡತೊಡಗಿದ್ದರು.

ಹೋದ ತಿಂಗಳು ದಟ್ಟ ಮಂಜು ಬಿದ್ದ ಒಂದು ಬೆಳಗ್ಗೆ. ಕಾರಿನ ದೀಪದ ಬೆಳಕು ನಾಲ್ಕು ಮಾರು ದೂರಕ್ಕೆ ಹೋಗಿ ಸತ್ತುಹೋಗುತ್ತಿತ್ತು. ತಿರುವಿನಲ್ಲಿ ತರಕಾರಿ ತುಂಬಿದ ತಳ್ಳುಗಾಡಿಯೊಂದು ಅಡ್ಡ ಬಂತು. ಅದರ ಹಿಂದೆ ಬಗ್ಗಿ ತಳ್ಳುತ್ತಿದ್ದ ಮನುಷ್ಯ. ಅಕ್ಕ ಕಂಡರು. ಕಂಡೂ, ಕಾಲು ಬ್ರೇಕಿನ ಮೇಲೆ ಬೀಳುವ ಮುಂಚೆ, ಅವರ ಕಣ್ಣು ಪೆಟ್ಟಿಗೆಯ ದೀಪದ ಕಡೆ ಹೋಯಿತು.

ಆಮೇಲೆ ಒತ್ತಿದರು. ಟೈರು ಕಿರುಚಿತು, ಬಕೆಟ್ಟು ಮುಂದಕ್ಕೆ ಹಾರಿತು, ಕಾರು ಗಾಡಿಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಗಾಡಿಯವನು ಹಿಡಿಕೆ ಬಿಡದೆ ನಿಂತಿದ್ದ. ಒಂದಿಷ್ಟು ಟೊಮೆಟೊ ಉರುಳಿ ಚಕ್ರದಡಿ ಅಪ್ಪಚ್ಚಿಯಾಗಿದ್ದವು. ಅಕ್ಕನಿಗೆ ಅದು ಟೊಮೆಟೊ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ತಮ್ಮ ಜೀವ ಎಲ್ಲಿತ್ತೋ ತಮಗೇ ಗೊತ್ತಿಲ್ಲ ಎನ್ನುತ್ತಾರೆ.

ಯಜಮಾನರು ಪೆಪ್ಪರಮಿಂಟನ್ನು ಅಂಗೈಗೆ ಉಗಿದರು. “ನಂಗೆ ಕೇಳಿಸಿತ್ತು ಕಣೇ. ಗಾಡಿ ಚಕ್ರ ಕಿರ್ ಕಿರ್ ಅಂತಿತ್ತು. ಬಾಯಿ ಬಿಡಲಿಲ್ಲ ನಾನು,” ಎಂದವರೇ ಬಿಕ್ಕಿಬಿಕ್ಕಿ ಅತ್ತರು.

“ನಂಗೂ ಕಂಡಿತ್ತು ರೀ,” ಎಂದರು ಅಕ್ಕ. “ನಾನು ಡಬ್ಬಿ ನೋಡ್ದೆ.”

ಅಷ್ಟು ಜೋರಿನ ಬ್ರೇಕಿಗೆ ದೀಪ ಒಮ್ಮೆಗೇ ಕೆಂಪಾಗಿತ್ತು. ಆದರೆ ಅವತ್ತಿನಿಂದ ಅಕ್ಕನಿಗೆ ಹೆದರಿಕೆ ಹುಟ್ಟಿದ್ದು ಕೆಂಪು ದೀಪದ ಬಗ್ಗೆ ಅಲ್ಲ, ತಮ್ಮ ಬಗ್ಗೆಯೇ. ಇಷ್ಟು ವರ್ಷ ಯಾರ ಮೈಗೂ ಒಂದು ಉಗುರು ತಾಗದಂತೆ ನೋಡಿಕೊಂಡ ಕೈಕಾಲು, ಒಂದು ಜೀವ ಎದುರಿಗೆ ಬಂದಾಗ ದೀಪದ ಬಣ್ಣಕ್ಕೆ ಕಾದವಲ್ಲ ಎಂದು. ಟವೆಲಿನ ಗಂಟಿನ ಜೊತೆಗೇ ಇರುವ ಔಷಧಿ ಚೀಲದಿಂದ ಗಾಯದ ಪಟ್ಟಿ ತೆಗೆದು, ಅಲ್ಲೇ, ರಸ್ತೆಯಲ್ಲೇ, ದೀಪದ ಮೇಲೆ ಅಂಟಿಸಿದರು.

ಏಜೆಂಟಿನ ಕಚೇರಿಗೆ ಗಾಡಿಯವನೂ ಬಂದ. “ಈ ಅಮ್ಮ ಬ್ರೇಕ್ ಹಾಕದೇ ಇದ್ದಿದ್ರೆ ನಾನು ಇಲ್ಲಿ ನಿಂತು ಮಾತಾಡ್ತಿರಲಿಲ್ಲ ಸಾರ್,” ಎಂದು ಸಾಕ್ಷಿ ಹೇಳಿದ. ದೀಪ ಮುಚ್ಚಿದರೆ ತಪ್ಪಿಲ್ಲ, ಪೆಟ್ಟಿಗೆ ಮುಚ್ಚಬಾರದಷ್ಟೇ ಎಂದು ಏಜೆಂಟು ವಿಚಾರಿಸಿ ಹೇಳಿದ. ಒಂದು ಜೀವ ಉಳಿಸಿದ ಬ್ರೇಕಿಗೆ ಅಂಕ ಕಳೆಯಬಾರದು ಎಂದು ಕಂಪನಿಗೆ ಮನವಿ ಬರೆಯಲು ಕೂತ. ಆಗ ಅಕ್ಕ, ತಾವು ಮೊದಲು ದೀಪ ನೋಡಿದ್ದನ್ನೂ ಬರೆಯಿರಿ ಎಂದರು. ಏಜೆಂಟು ಪೆನ್ನು ಕೆಳಗಿಟ್ಟ.

“ಅದು ಬೇಡ ಅಕ್ಕ. ನೀವೇ ನಿಮ್ಮ ಕುತ್ತಿಗೆ ಕೊಟ್ಟ ಹಾಗಾಗತ್ತೆ.”

“ಬರೀಪ್ಪಾ. ನನ್ನ ಥರ ಹೆದರಿಕೊಂಡು ಓಡಿಸೋರು ಇನ್ನೆಷ್ಟು ಜನ ಇದಾರೋ. ಅವರ ಎದುರಿಗೆ ಯಾರು ಬರ್ತಾರೋ.”

ಅದರ ಉತ್ತರ ಬರುವ ದಿನ ಇವತ್ತು. ಕಾರು ನಿಧಾನಕ್ಕೆ ಬೀದಿ ದಾಟಿ ದೊಡ್ಡ ರಸ್ತೆಗೆ ಬರುತ್ತದೆ. ಯಜಮಾನರ ಬಾಯಲ್ಲಿ ಪೆಪ್ಪರಮಿಂಟಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ದಾರಿಯಲ್ಲೇ ಇಳಿಸಿ ಹೋಗುತ್ತೇನೆ ಎಂದು ಅಕ್ಕ ಗದರಿಸಿಟ್ಟಿದ್ದಾರೆ. ಎರಡೂ ಕೈಯಲ್ಲಿ ಸ್ಟೀರಿಂಗು ಬಿಗಿಹಿಡಿದು, ಬೆನ್ನು ಸೀಟಿಗೆ ಒರಗಿಸದೆ, ರೆಪ್ಪೆ ಮಿಟುಕಿಸಲೂ ಅಂಜುತ್ತಾ ಓಡಿಸುತ್ತಾರೆ. ಸೇತುವೆಯ ಹತ್ತಿರ ಏನೋ ಸರಬರ ಸದ್ದು.

“ಹಿಡಿ!”

ಕಾರು ಗಕ್ಕನೆ ನಿಲ್ಲುತ್ತದೆ. ಮುಂದೆ, ಬೆಳಕಿನಲ್ಲಿ, ಒಂದು ಖಾಲಿ ಗೋಣಿಚೀಲ ಗಾಳಿಗೆ ಮಗ್ಗುಲು ಬದಲಿಸುತ್ತಿದೆ. ಪಟ್ಟಿಯ ಕೆಳಗೆ ದೀಪ ಯಾವ ಬಣ್ಣಕ್ಕೆ ತಿರುಗಿತೋ ಗೊತ್ತಿಲ್ಲ.

“ಏನೇ ಅದು?”

“ಚೀಲ.”

“ಛೇ! ಇವತ್ತೇ ಹೀಗಾಗಬೇಕಾ?”

“ಇರ್ಲಿ ಬಿಡಿ. ಅದರೊಳಗೆ ಯಾರಾದ್ರೂ ಮಲಗಿದ್ರೆ?” ಎಂದು ಅಕ್ಕ ಇಳಿದು, ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬಂದು ಮತ್ತೆ ಕೂರುತ್ತಾರೆ. ಕೀಲಿ ಸಿಗದೆ ಕೈ ತಡಕಾಡುತ್ತದೆ. ಕೀಲಿ ಅದರ ಜಾಗದಲ್ಲೇ ಇದೆ.

ಮೊದಲನೆಯ ಮನೆ ಸೊಂಟ ಮುರಿದು ಮಲಗಿರುವ ಟೀಚರಮ್ಮನದು. ಬಿಸಿನೀರು ಕಾದಿದೆ. ಮಗ ಒಂದು ಕಡೆ, ಅಕ್ಕ ಒಂದು ಕಡೆ ಹಿಡಿದು ಟೀಚರಮ್ಮನನ್ನು ರಬ್ಬರ್ ಹಾಳೆಯ ಮೇಲೆ ಹೊರಳಿಸುತ್ತಾರೆ. ಬೆನ್ನಿಗೆ ನೀರು ಹಾಕುವ ಹೊತ್ತಿಗೆ ಚೀಲದಲ್ಲಿ ಫೋನು ಗುರ್ ಎನ್ನುತ್ತದೆ. ಅಕ್ಕನ ಕಣ್ಣು ಚೀಲದ ಕಡೆ ಹೋಗುತ್ತದೆ. ಆದರೂ ಬೆನ್ನು ಒರೆಸಿ, ಒಣ ಬಟ್ಟೆ ಹೊದಿಸಿಯೇ ಫೋನು ಮುಟ್ಟುತ್ತಾರೆ.

“ಉಳೀತು ಅಕ್ಕ!” ಏಜೆಂಟಿನ ದನಿ ಕೋಣೆಗೆಲ್ಲ ಕೇಳುತ್ತದೆ. “ರಾತ್ರಿನೇ ಮೇಲ್ ಕಳಿಸಿದಾರೆ, ಎದ್ದು ಈಗ ನೋಡ್ದೆ. ಆವತ್ತಿನ ಬ್ರೇಕನ್ನ ಲೆಕ್ಕದಿಂದ ತೆಗೆದಿದಾರೆ. ಡಬ್ಬಿ ಮಾತ್ರ ಇದ್ದೇ ಇರತ್ತೆ. ಇನ್ಮೇಲೆ ಸ್ವಲ್ಪ ಹುಷಾರು.”

“ಇವತ್ತು ಬೆಳಗ್ಗೆನೇ ಇನ್ನೊಂದು ಹಾಕಿಬಿಟ್ನಲ್ಲಪ್ಪಾ.”

“ಅಯ್ಯೋ! ಯಾರಿಗೆ?”

“ಒಂದು ಗೋಣಿಚೀಲಕ್ಕೆ.”

ಅಕ್ಕ ಫೋನು ಚೀಲಕ್ಕೆ ಹಾಕಿ, ನೆಲದ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಹಾಸಿಗೆಯಿಂದ ಟೀಚರಮ್ಮನ ಒಣಕಲು ಕೈ ಕೆಳಗಿಳಿದು ಅವರ ತಲೆ ಸವರುತ್ತದೆ.

“ಇವತ್ತೂ ನೀನೇ ಓಡಿಸ್ಕೊಂಡು ಬಂದ್ಯೇನೇ? ಆ ಕತ್ತಲಲ್ಲಿ ಭಯ ಆಗಲ್ವಾ ನಿಂಗೆ?”

“ಆಗತ್ತಮ್ಮ. ದಿನಾ ಆಗತ್ತೆ,” ಎಂದು ಅಕ್ಕ ಏಳುತ್ತಾರೆ. ಮುಂದಿನ ಮನೆಯಲ್ಲಿ ನೀರು ಆರುತ್ತಿದೆ. ಬಕೆಟ್ಟು ಎತ್ತಿಕೊಂಡು ಬಾಗಿಲ ಬಳಿ ಒಂದು ಕ್ಷಣ ನಿಂತು ಹೇಳುತ್ತಾರೆ, “ಭಯ ಆಗತ್ತಲ್ಲ, ಅದಕ್ಕೇ ನಿಲ್ಲಿಸ್ತೀನಿ.”