ಲೋಕೇಶಣ್ಣನ ಮದುವೆಯ ಅಂಗಿ

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಹಬ್ಬ ನೆನಪಾಗುವುದಿಲ್ಲ. ಹಳೆಯ ಅಂಗಿಯೊಂದನ್ನು ಎದೆಗವಚಿಕೊಂಡು ಸವಣೂರಿನ ಟೈಲರ್ ಅಂಗಡಿಯ ಬಾಗಿಲಲ್ಲಿ ನಿಂತ ದೊಡ್ಡಮ್ಮ ನೆನಪಾಗುತ್ತಾರೆ. ಅಂಗಿ ಅವರ ಮಗ ಲೋಕೇಶಣ್ಣನದು. ಮಿಲಿಟರಿ ಸೇರಿ, ಲಂಕೆಯ ಯುದ್ಧಕ್ಕೆ ಹೋಗಿ, ಮೀಸೆ ದಪ್ಪವಾಗುವ ಮೊದಲೇ ಸತ್ತವನು. ರಜೆಗೆ ಬಂದಾಗ ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ. ತಪ್ಪಿದವರಿಗೆ ಶಿಕ್ಷೆಯೆಂದು ಪೆಪ್ಪರಮಿಂಟು ಕೊಡುತ್ತಿದ್ದ. ಬಿಡುತ್ತೇವೆಯೇ ನಾವು, ಬೇಕೆಂದೇ ತಪ್ಪುತ್ತಿದ್ದೆವು. ಅಂಥವನ ದೇಹವೂ ಊರಿಗೆ ಬರಲಿಲ್ಲ. ಬಂದದ್ದು ಅವನ ಕಬ್ಬಿಣದ ಪೆಟ್ಟಿಗೆ ಮಾತ್ರ.

ಮುಖ ನೋಡದೆ ಹೆತ್ತವಳು ಒಪ್ಪುವುದಾದರೂ ಹೇಗೆ? ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕಡೆ ತೀರಿಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚುತ್ತಾರೆ. ಆ ಸಾಲಿನಲ್ಲಿ ಮಗನಿಗೆ ಎಲೆ ಹಾಕಲು ದೊಡ್ಡಮ್ಮ ಬಿಡುತ್ತಿರಲಿಲ್ಲ. "ಬದುಕಿರುವವನನ್ನು ಅಲ್ಲಿ ಕೂರಿಸ್ಲಿಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬರ್ತದೆ?" ಎಂದು ಹಾಕಿದ ಎಲೆಯನ್ನೇ ಎತ್ತಿಬಿಡುತ್ತಿದ್ದರು. ಆದರೆ ಅವನ ತಂಗಿ ಯಮುನಕ್ಕನಿಗೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ತಪ್ಪತೊಡಗಿದವು. ಮದುವೆಯಾಗದೆ ಸತ್ತ ಅಣ್ಣನಿಗೆ ಮೊದಲು ಮದುವೆ ಮಾಡಬೇಕು, ಇವಳದು ಆಮೇಲೆ ಎಂದರು ಹಿರಿಯರು. ನಮ್ಮಲ್ಲಿ ಸತ್ತವರಿಗೂ ಮದುವೆ ಉಂಟು; ಹೆಣ್ಣೂ ಸತ್ತವಳೇ ಆಗಿರಬೇಕು. ಕಬಕದ ಕಡೆಯ ಒಂದು ಮನೆಯಲ್ಲಿ ಎಳವೆಯಲ್ಲೇ ಜ್ವರ ಬಂದು ತೀರಿಕೊಂಡ ಮಗಳಿದ್ದಳು. "ಇರುವ ಮಗಳ ಮುಖವನ್ನಾದ್ರೂ ನೋಡಿ ಅಕ್ಕ," ಎಂದು ನನ್ನಮ್ಮ ಕೈ ಹಿಡಿದುಕೊಂಡಳು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಮದುವೆಯ ಅಂಗಿ ಹೊಲಿಸಲು ನನ್ನನ್ನು ಕರೆದುಕೊಂಡು ಟೈಲರ್ ಅಂಗಡಿಗೆ ಹೊರಟರು. ಅಳತೆಗೆಂದು ಟೈಲರ್ ಆ ಹಳೆಯ ಅಂಗಿಯನ್ನು ಮೇಜಿನ ಮೇಲೆ ಹರಡಿದ.

"ಎದೆ ಸ್ವಲ್ಪ ದೊಡ್ಡ ಇಡು ಮಾರಾಯ," ಎಂದರು ದೊಡ್ಡಮ್ಮ. "ಅವ ಈಗ ದಪ್ಪ ಆಗಿರ್ಬೇಕು."

ಅಂಗಿ ಯಾರಿಗೆಂದು ಟೈಲರಿಗೆ ಗೊತ್ತಿತ್ತು. ತಲೆ ಎತ್ತದೆ ಗುರುತು ಹಾಕಿಕೊಂಡ.

ಮದುವೆಯ ದಿನ ಒಂದು ಮಣೆಯ ಮೇಲೆ ಆ ಹೊಸ ಅಂಗಿ, ಪಂಚೆ. ಪಕ್ಕದ ಮಣೆಯ ಮೇಲೆ ಸೀರೆ, ಬಳೆ. ಅವುಗಳಿಗೇ ಮಾಲೆ, ಅವುಗಳಿಗೇ ಅಕ್ಕಿಕಾಳು. ಎಲ್ಲ ಮುಗಿದ ಮೇಲೆ ದೊಡ್ಡಮ್ಮ ಬಗ್ಗಿ ಅಂಗಿಯ ಕಾಲರು ಸರಿಮಾಡಿದರು. "ಹುಡುಗಿ ಸಣ್ಣದು ಮಗ, ಜೋರು ಮಾಡ್ಬೇಡ," ಎಂದರು. ಅಂದೇ ಒಳಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಎಲೆ ಬಿತ್ತು. ದೊಡ್ಡಮ್ಮ ತಾವೇ ಬಡಿಸಿ, ತಾವೇ ಬಾಗಿಲೆಳೆದು, ಅಲ್ಲೇ ಹೊರಗೆ ಕೂತರು. ಸ್ವಲ್ಪ ಹೊತ್ತು ಕಳೆದು ದೊಡ್ಡಪ್ಪ, "ಇನ್ನು ಬಾಗಿಲು ತೆಗಿ, ಮಕ್ಕಳಿಗೆ ಹಸಿವಾಗ್ತದೆ," ಎಂದರು.

"ಇರಿ," ಎಂದರು ದೊಡ್ಡಮ್ಮ. "ಅವ ಮೆಲ್ಲ ಉಣ್ಣುದು."

ಯಮುನಕ್ಕನ ಮದುವೆ ಆಯಿತು. ದೊಡ್ಡಪ್ಪ ಹೋದರು, ದೊಡ್ಡಮ್ಮನೂ ಹೋದರು. ಈಗ ಆಟಿಯಲ್ಲಿ ಲೋಕೇಶಣ್ಣನ ಪಕ್ಕ ಅವರಿಗೂ ಎಲೆ ಹಾಕಿ ನಾನೇ ಬಾಗಿಲು ಮುಚ್ಚುತ್ತೇನೆ. ಹಸಿವೆಂದು ಮಕ್ಕಳು ಗಲಾಟೆ ಮಾಡಿದರೂ ಬೇಗ ತೆಗೆಯುವುದಿಲ್ಲ.